ಬೆಕ್ಕಿನ ಕಣ್ಣಿನ ಬೀಗರು

ನಮ್ಮ ಕಡೆ ಅಜ್ಜನ ಹೆಸರು ಕೇಳಿಕೊಂಡು ಊರಿಗೆ ಬರುವವರು ಎರಡೇ ತರಹ. ಕನ್ಯಾ ನೋಡಲು ಬಂದವರು, ಇಲ್ಲವೇ ಹೊಲದಲ್ಲಿ ಪಾಲು ಕೇಳಲು ಬಂದವರು. ಸುಮ್ಮನೆ ತಿಳಿದುಕೊಳ್ಳಲು ಕೇಳುವ ಮೂರನೆಯ ತರಹದವರು ಜರ್ಮನಿಯಲ್ಲಿದ್ದಾರೆಂದು ಹೋದ ಚಳಿಗಾಲದವರೆಗೆ ನನಗೂ ಗೊತ್ತಿರಲಿಲ್ಲ. ಸೇಡಂನಲ್ಲಿ ಬದುಕೆಲ್ಲ ಇಂಗ್ಲಿಷ್ ಕಲಿಸಿದವನಾದ್ದರಿಂದ, ಇಂಗ್ಲಿಷಿನಲ್ಲಿರುವುದು ಏನೇ ಇರಲಿ, ಔಷಧದ ಚೀಟಿ, ವಿಮೆಯ ಕಾಗದ, ಮಿಕ್ಸರಿನ ಡಬ್ಬಿ, ಜನ ನನ್ನ ಮನೆಗೇ ತರುತ್ತಾರೆ. ಈ ಸಲ ಒಬ್ಬ ಮನುಷ್ಯನನ್ನೇ ತಂದು ಬಿಟ್ಟರು.

ಎಪ್ಪತ್ತೇಳರ ಜರ್ಮನ್ ಸಾಹೇಬರು. ಅವರ ಸೋದರಮಾವ ಶಹಾಬಾದಿನ ಹಳೆ ಸಿಮೆಂಟ್ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದವರು, ಎರಡನೇ ಮಹಾಯುದ್ಧ ಶುರುವಾದದ್ದೇ ಕಾಣೆಯಾದರು. ಬ್ರೆಜಿಲ್, ಕೆನಡಾ ಎಂದು ಚೆಲ್ಲಾಪಿಲ್ಲಿಯಾಗಿದ್ದ ಉಳಿದ ಬಳಗವನ್ನೆಲ್ಲ ಸಾಹೇಬರು ಹುಡುಕಿ, ದೊಡ್ಡ ಹಾಳೆಯ ಮೇಲೆ ಚೌಕ ಹಾಕಿ ಕೂಡಿಸಿದ್ದರು. ಮಾವನ ಕೆಳಗಿನ ಚೌಕ ಮಾತ್ರ ಖಾಲಿ. ಅಣ್ಣ ಏನಾದ ಎಂದು ಕೇಳುತ್ತಲೇ ಸಾಹೇಬರ ತಾಯಿ ತೀರಿಕೊಂಡಿದ್ದರು. ಈಗ ಎಂಬತ್ತೈದರ ಅಕ್ಕ ಹಾಸಿಗೆ ಹಿಡಿದಿದ್ದಾರೆ. ಮೊಣಕಾಲು ಕೈಕೊಟ್ಟಿವೆ, ನಾಲಿಗೆ ಕೊಟ್ಟಿಲ್ಲ. "ನಾನು ಹೋಗುವುದರೊಳಗೆ ಮಾವನ ಸುದ್ದಿ ತಾ. ಬರಿಗೈಯಲ್ಲಿ ಹೋದರೆ ಅಮ್ಮ ನನ್ನ ಜೊತೆ ಮಾತಾಡುವುದಿಲ್ಲ" ಎಂದು ತಮ್ಮನನ್ನು ಅಟ್ಟಿದ್ದರು. ಅಕ್ಕನನ್ನು ನೋಡಿಕೊಳ್ಳಲು ಸಾಹೇಬರ ಹೆಂಡತಿ ಅಲ್ಲೇ ಉಳಿದಿದ್ದರು. ಖುಷಿಯಿಂದಲೇ ಉಳಿದರೆಂದು ಸಾಹೇಬರೇ ಹೇಳಿದರು.

ಐದು ಮಂದಿ ಅಣ್ಣತಮ್ಮರು

ಸೇಡಂನಿಂದ ರೈಲಿನಲ್ಲಿ ಸಾಹೇಬರನ್ನು ಕರೆದುಕೊಂಡು ಬಂದು, ವಾಡಿ ಜಂಕ್ಷನ್ನಿನಲ್ಲಿ ಇಳಿದು ಶಹಾಬಾದಿಗೆ ಆಟೋ ಮಾಡಿದೆ. ಆಟೋದವನು ರಸ್ತೆಗೆ ಬೆನ್ನು ಮಾಡಿ, ನಮಗೆ ಮುಖ ಮಾಡಿ ನಡೆಸುವ ಪೈಕಿ.

"ಸಾಹೇಬ್ರಿಗೆ ಮಕ್ಕಳೆಷ್ಟ್ರಿ? ಪಗಾರ ಎಷ್ಟಿತ್ತು? ಸ್ವಂತ ಮನಿನೋ, ಬಾಡಿಗಿದೋ? ಅವರಪ್ಪ ಏನ್ ಮಾಡ್ತಿದ್ದರು?"

ನಾನು ಅನುವಾದಿಸಿದೆ. ಸಾಹೇಬರು ಎಲ್ಲಕ್ಕೂ ಉತ್ತರ ಕೊಟ್ಟು ಬೆರಗಾದರು. "ನಮ್ಮಲ್ಲಿ ಒಬ್ಬರ ಅಜ್ಜನ ಹೆಸರು ಬೇಕಾದರೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಈತ ರೈಲ್ವೆ ಗೇಟು ಬರುವುದರೊಳಗೆ ಮುಗಿಸಿಬಿಟ್ಟ!" ಅಂದು, ಸೌಜನ್ಯಕ್ಕಾಗಿ ತಾವೂ ಕೇಳಿದರು: "ನಿಮ್ಮ ಅಜ್ಜ ಯಾರು? ಅವರಿಗೆ ಅಣ್ಣತಮ್ಮಂದಿರಿದ್ದರೇ?"

ಆಟೋದವನು ತಟ್ಟನೆ ರಸ್ತೆಯ ಕಡೆ ತಿರುಗಿದ. ಶಹಾಬಾದ ಬರುವವರೆಗೆ ರಸ್ತೆಯನ್ನೇ ನೋಡಿ ನಡೆಸಿದ. ಇಳಿದ ಮೇಲೆ ನನ್ನನ್ನು ಬದಿಗೆ ಕರೆದ.

"ಮಾಸ್ತರ, ಸಾಹೇಬ್ರಿಗೆ ತಿಳಿಸಿ ಹೇಳ್ರಿ. ಅಜ್ಜನ ಹೊಲಕ್ಕ ಈಗಾಗಲೇ ಐದು ಮಂದಿ ಅಣ್ಣತಮ್ಮರು ಕೋರ್ಟಿನ್ಯಾಗ ಅದೀವಿ. ಆರನೇದವರಿಗೆ ಜಾಗಾ ಇಲ್ಲ."

ಒಂದೇ ರೇಟು

ಮಾವನ ಗೋರಿಯಾದರೂ ಸಿಕ್ಕೀತೆಂದು ಶಹಾಬಾದಿನಲ್ಲಿ ಸ್ಮಶಾನವೆಲ್ಲ ತಿರುಗಿದೆವು. ಸಿಗಲಿಲ್ಲ. ಸೋತು, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಒಂದು ಪಾಲಿಶ್ ಅಡ್ಡೆಯ ನೆರಳಿಗೆ ಕೂತೆವು. ಮಾಲೀಕರು ಚಹಾ ತರಿಸಿ, ಕಥೆ ಪೂರ್ತಿ ಕೇಳಿ ಮರುಗಿದರು.

"ಸಿಗಲಿಲ್ಲಂದ್ರ ಚಿಂತಿ ಯಾಕ್ರಿ? ಹೊಸಾದು ಮಾಡಿಕೊಡ್ತೀನಿ. ಫಸ್ಟ್ ಕ್ಲಾಸ್ ಪಾಲಿಶ್. ಹೆಸರು ಕೆತ್ತಸ್ತೀನಿ."

"ಆದರೆ ಅವರು ಎಲ್ಲಿ ತೀರಿಕೊಂಡರೆಂದೇ ಗೊತ್ತಿಲ್ಲ. ಕಲ್ಲು ಎಲ್ಲಿ ನಿಲ್ಲಿಸುವುದು?" ಎಂದರು ಸಾಹೇಬರು.

"ಅದು ನಿಮ್ಮ ಖುಷಿರಿ. ನಿಮ್ಮ ಮನಿ ಮುಂದ ಹಾಕ್ರಿ, ನೋಡಿದವರು ಭಾಳ ಚೆಂದ ಅದ ಅಂತಾರ."

ಸಾಹೇಬರು ಅಕ್ಕನ ವಿಷಯ ತೆಗೆದರು. ಎಂಬತ್ತೈದು, ಹಾಸಿಗೆ ಹಿಡಿದಿದ್ದಾರೆ, ಸುದ್ದಿಗೆ ಕಾಯುತ್ತಿದ್ದಾರೆ ಎಂದರು. ಮಾಲೀಕರ ಕಣ್ಣು ನಿಜಕ್ಕೂ ತುಂಬಿದವು.

"ಹಂಗಾದ್ರ ಅಕ್ಕಾರ ಕಲ್ಲೂ ಈಗಲೇ ಹೇಳಿಬಿಡ್ರಿ. ಎರಡೂ ಕೂಡಿ ಒಂದೇ ರೇಟಿನ್ಯಾಗ ಹಾಕ್ತೀನಿ."

ಇಲ್ಲದವರ ಸಹಿ

ಚಿತ್ತಾಪುರದ ಕಡೆ ಒಂದು ಕಚೇರಿಗೆ ಹೋಗಿ, ವಂಶಾವಳಿ ಹುಡುಕುತ್ತಿದ್ದೇವೆ ಎಂದೆವು. ಗುಮಾಸ್ತರು ತಲೆ ಎತ್ತಲಿಲ್ಲ.

"ವಂಶಾವಳಿ ಕೊಡ್ತೀವ್ರಿ. ವಾರಸುದಾರರೆಲ್ಲ ಬಂದು ಸಹಿ ಮಾಡ್ಬೇಕು."

"ಆ ವಾರಸುದಾರರು ಯಾರೆಂದು ತಿಳಿಯಲಿಕ್ಕೇ ಬಂದಿದ್ದೇವೆ."

"ಕರಕೊಂಡ್ ಬರ್ರಿ. ಯಾರಂತ ಹೇಳ್ತೀವಿ."

ಬಯೋಡಾಟಾ

ಸಾಹೇಬರು ಪಾಲು ಕೇಳಲು ಬಂದವರಲ್ಲ ಎಂದು ಅಷ್ಟರಲ್ಲಿ ನಾಲ್ಕು ಊರಿಗೂ ಖಾತ್ರಿಯಾಗಿತ್ತು. ಹಾಗಾದರೆ ಉಳಿದ ಕಾರಣ ಒಂದೇ. ಮರುದಿನ ಬೆಳಿಗ್ಗೆ ಸೇಡಂನ ನನ್ನ ಮನೆಯ ಬಾಗಿಲಲ್ಲಿ, ಕಂಕುಳಲ್ಲಿ ಫೋಟೋಗಳ ಚೀಲ ಹಿಡಿದು, ವಧೂವರರನ್ನು ಕೂಡಿಸುವ ಮಧ್ಯಸ್ಥರು ನಿಂತಿದ್ದರು.

"ವಯಸ್ಸೆಷ್ಟ್ರಿ ವರನಿಗೆ?"

"ಎಪ್ಪತ್ತೇಳು."

"ನಡೀತದ. ಹಲ್ಲು ಸ್ವಂತವೋ?"

ನಾನು ತಡೆಯುವುದರೊಳಗೆ ಸಾಹೇಬರು, ಯಾರೋ ಇತಿಹಾಸಕಾರರು ಬಂದರೆಂದು ತಿಳಿದು, ತಮ್ಮ ಹಾಳೆ ಬಿಡಿಸಿದರು. ಎಂಟು ತಲೆಮಾರು, ಯಾರು ಯಾರಿಗೆ ಹುಟ್ಟಿದರು, ಎಲ್ಲಿ ನೆಲೆಸಿದರು, ಎಲ್ಲ ಇತ್ತು. ಮಧ್ಯಸ್ಥರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಚಪ್ಪಲಿ ಬಿಟ್ಟರು.

"ಇಷ್ಟು ಖರೇ ಬಯೋಡಾಟಾ ನನ್ನ ಜೀವನದಾಗ ನೋಡಿಲ್ರಿ. ಈ ಖಾಲಿ ಚೌಕ ಯಾರದು?"

ಮಾವನ ಕಥೆ ಹೇಳಿದೆ. ಅವರು ಹಣೆ ಬಡಿದುಕೊಂಡರು.

"ಮೊದಲೇ ಹೇಳಬಾರದೇನ್ರಿ ಮಾಸ್ತರ! ಚಿಂಚೋಳಿ ಆಚೆ ಗುಡ್ಡದ ಕಡೆ ಒಂದು ಮನಿ ಅದ. ಎಲ್ಲಾರವೂ ಬೆಕ್ಕಿನ ಕಣ್ಣು. ನಾ ತಂದ ಮೂರು ಸಂಬಂಧ ಅದಕ್ಕೇ ಮುರದಾವ. ‘ಈ ಕಣ್ಣು ಎಲ್ಲಿಂದ ಬಂದಾವ’ ಅಂತ ಬೀಗರು ಕೇಳ್ತಾರ. ‘ನಮ್ಮ ಮುತ್ತ್ಯಾ ಜರ್ಮನಿಯಂವ’ ಅಂತ ಮನಿಯವರು ಹೇಳ್ತಾರ. ನಾ ಬಿಲ್ಕುಲ್ ಸುಳ್ಳಂತ ತಿಳಿದಿದ್ದೆ."

ದೇಶದೇಶಗಳ ದಫ್ತರಗಳು ಹೇಳಲಾಗದ್ದನ್ನು ಮದುವೆ ಕೂಡಿಸುವವರು ಒಂದು ಕಪ್ ಚಹಾ ಮುಗಿಯುವುದರೊಳಗೆ ಹೇಳಿದ್ದರು. ಸಾಹೇಬರು ಅವರ ಎರಡೂ ಕೈ ಹಿಡಿದರು. ಮಧ್ಯಸ್ಥರು ನನ್ನ ಕಿವಿಯಲ್ಲಿ ಅಂದರು: "ಇವರು ಆ ಕಟ್ಟಿ ಮ್ಯಾಲ ಒಂದಿನ ಈ ಬೆಕ್ಕಿನ ಕಣ್ಣು ತೋರಿಸಿ ಕುಂತರ ಸಾಕ್ರಿ, ಆ ಮನಿ ಹುಡುಗೀರಿಬ್ಬರ ಮದುವಿ ಆಗಿಹೋಗ್ತಾವ."

ಹಕ್ಕು

ಹಿಟ್ಟಿನ ಗಿರಣಿಗೆ ಹೊಂದಿಕೊಂಡ ಮನೆ. ಕಟ್ಟೆಯ ಮೇಲೆ ಎಪ್ಪತ್ತೈದರ ಅವ್ವ ತೊಗರಿಬೇಳೆ ಹಸನು ಮಾಡುತ್ತಿದ್ದರು. ತಲೆ ಎತ್ತಿದರು. ನಾಲ್ಕು ಬೆಕ್ಕಿನ ಕಣ್ಣು ಒಂದನ್ನೊಂದು ನೋಡಿದವು. ನಾನು ಬಂದ ಕಾರಣ ಹೇಳಿದೆ.

"ಯುದ್ಧದಾಗ ಬ್ರಿಟಿಷರು ಜರ್ಮನರನ್ನ ಹಿಡೀಲಿಕತ್ತಿದ್ದರಂತ್ರಿ. ಅಪ್ಪ ಶಹಾಬಾದ ಬಿಟ್ಟು ಇಲ್ಲಿ ಬಂದು ಗಿರಣಿ ಹಾಕಿದ, ನಮ್ಮವ್ವನ್ನ ಮಾಡಿಕೊಂಡ" ಎಂದರು ಅವ್ವ. "ತಂಗಿಗೆ ಕಾಗದ ಬರೆದಾ, ಬರೆದಾ, ಒಂದಕ್ಕೂ ಉತ್ತರ ಬರಲಿಲ್ಲ. ಈಗ ಹಿಂದಿನ ಹೊಲದಾಗ ಬೇವಿನ ಗಿಡದ ಬುಡಕ್ಕ ಮಲಗ್ಯಾನ."

ಜರ್ಮನ್ ಮಾತು ಏನಾದರೂ ನೆನಪಿದೆಯೇ ಎಂದು ಸಾಹೇಬರು ಅಳುಕುತ್ತ ನನ್ನಿಂದ ಕೇಳಿಸಿದರು.

"ಯಾಕಿಲ್ಲ? ಇಂಜಿನ್ ಚಾಲೂ ಆಗ್ಲಿಲ್ಲಂದ್ರ ಅಪ್ಪ ಅಂತಿದ್ದನಲ್ಲ!" ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಅಂದೇಬಿಟ್ಟರು.

ಸಾಹೇಬರ ಮುಖ ಕೆಂಪಗಾಯಿತು. ಆಮೇಲೆ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. "ಒಲೆ ಹತ್ತದಿದ್ದಾಗ ನನ್ನ ತಾಯಿ ಇದನ್ನೇ ಅನ್ನುತ್ತಿದ್ದಳು. ದಯವಿಟ್ಟು ಅರ್ಥ ಕೇಳಬೇಡಿ."

ಮನೆತನದ ಆಸ್ತಿ ಅಣ್ಣನಿಗೂ ತಂಗಿಗೂ ಸಮನಾಗಿ ಪಾಲಾಗಿತ್ತು.

ಸಾಹೇಬರು ಕೂಡಲೇ ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿದರು. ಅಕ್ಕ ಅವ್ವನ ಮುಖವನ್ನು ಬಹಳ ಹೊತ್ತು ನೋಡಿ ಒಂದೇ ಮಾತು ಅಂದರು. "ಅಮ್ಮನ ಮೂಗು" ಎಂದು ಸಾಹೇಬರು ನನಗೆ ಹೇಳಿದರು. ಅವ್ವ ಮಾತ್ರ ಅಷ್ಟರಲ್ಲಿ ಬೆರಳು ಮಡಿಚುತ್ತ ಬೇರೆ ಲೆಕ್ಕಕ್ಕೆ ಬಿದ್ದಿದ್ದರು.

"ಮಾಸ್ತರ, ಇಂವ ನಮ್ಮಪ್ಪನ ತಂಗಿ ಮಗ. ಅಂದ್ರ ನನಗ..." ಬೆರಳು ನಿಂತಿತು. "ಸೋದರತ್ತಿ ಮಗ!"

ಬಾಗಿಲಲ್ಲಿ ನಿಂತ ಸೊಸೆಯಂದಿರು ಸೆರಗು ಬಾಯಿಗೆ ಒತ್ತಿಕೊಂಡರು. ಸೋದರತ್ತೆಯ ಮಗನ ಮೇಲೆ ಮೊದಲ ಹಕ್ಕು ಸೋದರಮಾವನ ಮಗಳದು. ಅವಳು ಒಲ್ಲೆ ಎಂದ ಮೇಲೆ ಹೊರಗೆ ಕನ್ಯಾ ನೋಡಬೇಕು.

"ಇಂವನ ಮದುವಿ ಆಗ್ಯಾದೇನು?"

"ಆಗಿ ಐವತ್ತು ವರ್ಷವಾಯಿತಂತೆ."

"ನನ್ನ ಕೇಳಿದ್ದನೇನು?"

ನಾನು ಅನುವಾದಿಸಿದೆ. ಸಾಹೇಬರು ಕಾಯಿದೆಗೆ ಹೆದರಿ ಬೆಳೆದವರು. ಎದ್ದು ನಿಂತು, "ಇಲ್ಲ, ಕ್ಷಮಿಸಬೇಕು, ನೀವಿರುವುದು ಗೊತ್ತಿರಲಿಲ್ಲ" ಎಂದರು. ಎಲ್ಲರೂ ಯಾಕೆ ನಗುತ್ತಿದ್ದಾರೆ ಎಂದು ಅಕ್ಕ ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ವಿವರಿಸಿದರು. ಆಗ ಫೋನಿನಲ್ಲಿ ಅಕ್ಕನ ಹಿಂದಿನಿಂದ ಇನ್ನೊಂದು ಮುಖ ಬಂತು. ಸಾಹೇಬರ ಹೆಂಡತಿ. ಅವರು ಶಾಂತವಾಗಿ ಏನೋ ಹೇಳಿದರು. ಎದ್ದು ನಿಂತಿದ್ದ ಸಾಹೇಬರು ಕೂತುಬಿಟ್ಟರು.

"ಏನಂದರು?" ಎಂದು ಕೇಳಿದೆ.

"ಅವಳ ಹಕ್ಕಾದರೆ ಅವಳೇ ಇಟ್ಟುಕೊಳ್ಳಲಿ, ಗೊರಕೆ ಹೊಡೆಯುತ್ತಾನೆಂದು ಮಾತ್ರ ಮೊದಲೇ ಹೇಳಿಬಿಡು, ಅಂದಳು."

ಅವ್ವನಿಗೆ ತಿಳಿಸಿದೆ. ಅವರು ಮೊರ ಬದಿಗಿಟ್ಟು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ, ಸಾಹೇಬರನ್ನು ಬಿಳಿ ತಲೆಯಿಂದ ಬೂಟಿನವರೆಗೆ ಸಾವಕಾಶವಾಗಿ ನೋಡಿದರು.

"ಬ್ಯಾಡ್ರಿ ಮಾಸ್ತರ. ಈ ವಯಸ್ಸಿನ್ಯಾಗ ಹೊಸಾ ಗಂಡಗ ಯಾರು ರೊಟ್ಟಿ ಬಡೀಬೇಕು? ಆಕಿ ಗಂಡನ್ನ ಆಕಿಗೇ ವಾಪಸ್ ಕಳಸ್ತೀನಂತ ಹೇಳ್ರಿ." ಆಮೇಲೆ ಒಳಗೆ ತಿರುಗಿ ಸೊಸೆಯಂದಿರನ್ನು ಕೂಗಿದರು: "ಊಟಕ್ಕ ಎಡಿ ಮಾಡ್ರಿ! ಉಂಡು ಹೋಗಲಿ. ಉಪವಾಸ ಕಳಿಸಿದ್ರ ಆಕಿನೂ ತೊಗೊಳ್ಳಂಗಿಲ್ಲ."