ದೇಸಾಯರ ನಿದ್ದೆಗೊಂದು ಹೋಟೆಲು

ವಾಗೀಶಯ್ಯನವರು ಹಡಗಿನ ಮೇಲೆ ಆಡಿದ ಒಂದು ಮಾತು, ಹಡಗಿನಿಂದ ಇಳಿದು ಮೈಸೂರಿಗೆ ಬಂದ ಮೇಲೂ ಅವರ ಬೆನ್ನು ಬಿಡಲಿಲ್ಲ.

ಮುಂಬಯಿಯಿಂದ ಹೊರಟು ಲಕ್ಷದ್ವೀಪ ತೋರಿಸಿ ಕೊಚ್ಚಿಯಲ್ಲಿ ಇಳಿಸುವ ದೊಡ್ಡ ಪ್ರವಾಸಿ ಹಡಗು ಅದು. ವಾಗೀಶಯ್ಯನವರೂ ಅವರ ಪತ್ನಿ ಅಲಮೇಲಮ್ಮನೂ ಸಮುದ್ರವನ್ನು ಕಣ್ತುಂಬ ನೋಡಬೇಕೆಂದು ಹೋಗಿದ್ದರು. ಸಮುದ್ರವೇನೋ ಸುಮ್ಮನಿತ್ತು, ಹಡಗು ಸುಮ್ಮನಿರಲಿಲ್ಲ. ಬೆಳಗಾದರೆ ಮೈಕಿನಲ್ಲಿ ಆಟ, ಸಂಜೆಯಾದರೆ ಡೋಲು, ಆಮೇಲೆ ಕುಣಿತ. ಊಟದ ಮೇಜಿನಲ್ಲಿ ಜೊತೆಯಾದ ಧಾರವಾಡದ ದೇಸಾಯರು ಕೆಂಪಾದ ಕಣ್ಣು ಉಜ್ಜಿಕೊಳ್ಳುತ್ತ, "ಸಮುದ್ರ ಸಾಕಾತ್ರೀ. ಇಳದ ಮ್ಯಾಲೆ ಯಾವುದರ ಊರಾಗ ಬರೇ ನಿದ್ದಿ ಮಾಡಬೇಕು" ಎಂದರು.

"ಹಾಗಾದರೆ ನಮ್ಮ ಮೈಸೂರಿಗೇ ಬನ್ನಿ. ಮಧ್ಯಾಹ್ನ ಊಟ ಆದಮೇಲೆ ನಮ್ಮೂರಲ್ಲಿ ಬೀದಿ ನಾಯಿಗೂ ಬೊಗಳೋ ಮನಸ್ಸಿರಲ್ಲ" ಎಂದರು ವಾಗೀಶಯ್ಯ.

ದೇಸಾಯರು ನಕ್ಕುಬಿಟ್ಟರು. "ಅದು ನಿಮ್ಮಜ್ಜನ ಕಾಲದ ಮೈಸೂರು ಬಿಡ್ರಿ. ಈಗ ನಿಮ್ಮೂರು ಬೆಂಗಳೂರಿನ ತಮ್ಮ ಆಗ್ಯದ. ನಿದ್ದಿ ಅಂದ್ರ ನಮ್ಮ ಧಾರವಾಡ!"

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಅಜ್ಜನ ಮಾತು ಬಂದದ್ದೇ ತಡ, ವಾಗೀಶಯ್ಯನವರ ಬೆನ್ನು ನೆಟ್ಟಗಾಯಿತು. ಅವರ ತಾತ ಅರಮನೆಯ ಸೇವೆಯಲ್ಲಿದ್ದವರು. ಹೊರಗಿನಿಂದ ಬಂದ ಅತಿಥಿಗಳಿಗೆ ಕೋಣೆ ಗೊತ್ತುಮಾಡುವುದು ಅವರ ಕೆಲಸ. ಅತಿಥಿ ಮಲಗುವ ಹಾಸಿಗೆಯ ಮೇಲೆ ತಮ್ಮ ಬಟ್ಟೆ ಹಾಸಿ, ಮೊದಲು ತಾವು ಮಲಗಿ, ಕಣ್ಣು ಮುಚ್ಚಿ ದೇವರ ಸಾವಿರ ನಾಮಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರಂತೆ. ಗದ್ದಲಕ್ಕೆ ನಡುವೆ ಒಂದು ನಾಮ ತಪ್ಪಿದರೂ ಆ ಕೋಣೆ ಬೇಡ. ಪೂರ್ತಿಯಾದರೆ ಅತಿಥಿಗೆ ಅದೇ ಕೋಣೆ. ಈ ಕತೆಯನ್ನು ವಾಗೀಶಯ್ಯನವರು ಹೇಳದೆ ಬಿಟ್ಟ ಮದುವೆ ಮನೆ ಮೈಸೂರಿನಲ್ಲಿ ಇಲ್ಲ.

"ದೇಸಾಯರೇ, ಶಾಂತವಾದ, ಸುಖವಾದ ಒಂದು ಹೋಟೆಲು ನಾನೇ ಆರಿಸಿಕೊಡ್ತೀನಿ. ಅಲ್ಲಿ ನಿಮಗೆ ನಿದ್ದೆ ಬರಲಿಲ್ಲವೋ, ಮೈಸೂರಿನವನು ಅಂತ ಹೇಳಿಕೊಳ್ಳೋದನ್ನೇ ಬಿಟ್ಟುಬಿಡ್ತೀನಿ!"

ದೇಸಾಯಿ ದಂಪತಿಗಳು ಕೊಚ್ಚಿಯಲ್ಲಿ ಇಳಿದು, ಗುರುವಾಯೂರಿನ ದರ್ಶನ ಮುಗಿಸಿ, ಇವತ್ತು ಸಂಜೆ ಮೈಸೂರಿಗೆ ಬರುತ್ತೇವೆಂದು ಬೆಳಿಗ್ಗೆಯೇ ಫೋನು ಮಾಡಿದರು. ಆಗ ವಾಗೀಶಯ್ಯನವರಿಗೆ ಒಂದು ಸಂಗತಿ ಹೊಳೆಯಿತು. ಮೈಸೂರಿನಲ್ಲೇ ಹುಟ್ಟಿ, ಮೈಸೂರಿನಲ್ಲೇ ಕೂದಲು ನರೆತ ತಾವು, ಮೈಸೂರಿನ ಯಾವ ಹೋಟೆಲಿನಲ್ಲೂ ಒಂದು ದಿನವೂ ಮಲಗಿಲ್ಲ! ಯಾವ ಹೋಟೆಲಿನ ದೋಸೆ ಗರಿಗರಿ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಿಯಾರು. ಯಾವ ಹೋಟೆಲಿನಲ್ಲಿ ನಿದ್ದೆ ಬರುತ್ತದೆಂದು ಕೇಳಿದರೆ?

"ಮನೇಲೇ ಇಳಿಸಿಕೊಳ್ಳಬಹುದಿತ್ತು" ಎಂದರು ಅಲಮೇಲಮ್ಮ. ಅಷ್ಟರಲ್ಲಿ ಪಕ್ಕದ ಮನೆಯಿಂದ ಕರ್ರೆಂದು ಸದ್ದು ಎದ್ದಿತು. ಅಲ್ಲಿ ಗೋವಿಂದರಾಜು ಮಹಡಿ ಕಟ್ಟಿಸುತ್ತಿದ್ದ. ಅವನ ಕಲ್ಲು ಕೊಯ್ಯುವ ಮೆಷಿನ್ನು ಶುರುವಾದರೆ ಅವರ ದಟ್ಟಗಳ್ಳಿ ಬಡಾವಣೆಯವರಿಗೆಲ್ಲ ಹಲ್ಲು ಜುಮ್ಮೆನ್ನುತ್ತಿತ್ತು. ಅಲಮೇಲಮ್ಮ ಎರಡೂ ಕಿವಿ ಮುಚ್ಚಿಕೊಂಡರು.

ವಾಗೀಶಯ್ಯನವರು ದೇವರಿಗೆ ಕೈಮುಗಿದು, ಒಂದು ಚೀಲದಲ್ಲಿ ಮಡಿ ಹೊದಿಕೆ, ದಿಂಬು, ನೀರಿನ ಚೊಂಬು ಇಟ್ಟುಕೊಂಡು ರಸ್ತೆಯ ತುದಿಯಲ್ಲಿದ್ದ ದೇವಯ್ಯನ ಆಟೋ ಹತ್ತಿದರು. ದೇವಯ್ಯ ಅಶೋಕಪುರಂನವನು. ಈ ರಸ್ತೆಯವರೆಲ್ಲ ಅವನದೇ ಆಟೋದಲ್ಲಿ ಓಡಾಡುವುದು.

ಮೊದಲನೆಯ ಹೋಟೆಲು ಬಸ್‌ಸ್ಟ್ಯಾಂಡಿನ ಹತ್ತಿರ.

"ರೂಮು ತೋರಿಸಪ್ಪಾ. ಸ್ವಲ್ಪ ಮಲಗಿ ನೋಡ್ತೀನಿ."

"ಮಲಗಿ ನೋಡ್ತೀರಾ? ಇದೇನ್ ಸಾರ್, ಹಾಸಿಗೆ ಅಂಗಡಿಯಾ?" ಎಂದ ಕೌಂಟರಿನವನು. ಆದರೂ ವಯಸ್ಸಿಗೆ ಬೆಲೆ ಕೊಟ್ಟು ಬಾಗಿಲು ತೆಗೆದ. ವಾಗೀಶಯ್ಯನವರು ಹೊದಿಕೆ ಹಾಸಿ, ಕಣ್ಣು ಮುಚ್ಚಿ, ನಾಮ ಆರಂಭಿಸಿದರು. ಕಿಟಕಿಯ ಕೆಳಗೆ ಒಬ್ಬ ಕಂಡಕ್ಟರು, "ಕೊಳ್ಳೇಗಾಲ, ಕೊಳ್ಳೇಗಾಲ, ಕೊಳ್ಳೇಗಾಲ!" ಎಂದು ತಾನೂ ಒಂದು ನಾಮಾವಳಿ ಹಿಡಿದ. ದೇವರ ನಾಮದ ನಡುವೆ ಕೊಳ್ಳೇಗಾಲ ಸೇರಿಹೋದಾಗ ವಾಗೀಶಯ್ಯನವರು ಎದ್ದುಬಿಟ್ಟರು.

ಎರಡನೆಯದು ಒಳರಸ್ತೆಯಲ್ಲಿತ್ತು. ಹೊರಗೆ ಹೂವಿನ ಕುಂಡಗಳು, ಒಳಗೆ ತಣ್ಣನೆಯ ಕೋಣೆ. ಕಾಲು ಭಾಗ ನಾಮ ಸರಾಗವಾಗಿ ಸಾಗಿತು. ಆಮೇಲೆ ಮಂಚ ನಡುಗಿತು. ಹೋಟೆಲಿನ ಕೆಳಗಿನ ಅಂತಸ್ತು ಮದುವೆ ಛತ್ರವೆಂದೂ, ಆ ಹೊತ್ತಿಗೆ ಮುಹೂರ್ತವೆಂದೂ ಅವರಿಗೆ ಯಾರು ಹೇಳಿದ್ದರು? ಗಟ್ಟಿಮೇಳಕ್ಕೆ ಡೋಲಿನವನು ತನ್ನ ಜನ್ಮದ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತಿದ್ದ.

ಹೊದಿಕೆಯನ್ನು ಚೀಲಕ್ಕೆ ತುರುಕಿ, ದಿಂಬನ್ನು ಕಂಕುಳಲ್ಲಿಟ್ಟು ಇಳಿಯುತ್ತಿದ್ದವರಿಗೆ ಮೆಟ್ಟಿಲ ಬಳಿ ಎದುರಾದವರು ವಸಂತಮ್ಮ. ಅವರದು ವಾಗೀಶಯ್ಯನವರ ಎದುರು ಮನೆ. ಮದುವೆಗೆಂದು ಬಂದಿದ್ದರು.

"ಅಯ್ಯೋ ಸಾರ್! ದಿಂಬು ಹಿಡ್ಕೊಂಡು ಇಲ್ಲೇನ್ ಮಾಡ್ತಿದೀರಿ?"

"ರೂಮು ನೋಡೋಕೆ ಬಂದಿದ್ದೆ. ಗಲಾಟೆ ಇಲ್ಲದ ಕಡೆ ಬೇಕಾಗಿತ್ತು."

"ಯಾಕೆ? ಮನೇಲಿ...?"

"ಮನೇಲಿ ಎಲ್ಲಿ ಸಾಧ್ಯ ಬಿಡಿ, ವಸಂತಮ್ಮ. ಆ ಸದ್ದಿನಲ್ಲಿ ಮನುಷ್ಯ ಇರೋದುಂಟೇ?" ಎಂದು ಅವಸರದಲ್ಲಿ ಆಟೋ ಹತ್ತಿದರು.

ವಸಂತಮ್ಮನಿಗೆ ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಕೈಯಲ್ಲಿದ್ದ ಅಕ್ಷತೆಯನ್ನು ದೂರದಿಂದಲೇ ವಧೂವರರ ಕಡೆ ಎಸೆದು, ಫೋನು ಕಿವಿಗಿಟ್ಟುಕೊಂಡರು.

ವಾಗೀಶಯ್ಯನವರು ಮಂಡಕಳ್ಳಿಯ ಕಡೆ ಹೋದರು. ವಿಮಾನ ನಿಲ್ದಾಣದಿಂದ ಒಳಗೆ ಒಂದು ತಿರುವಿನಲ್ಲಿ, ಹೊಂಗೆ ಮರಗಳ ನಡುವೆ, ಚಿಕ್ಕದೊಂದು ಹೋಟೆಲು. ಮ್ಯಾನೇಜರು ಪಿಸುಮಾತಿನಲ್ಲೇ ಮಾತಾಡುವ ಮನುಷ್ಯ.

"ನಮ್ಮಲ್ಲಿ ಬರೋರೆಲ್ಲ ನಿದ್ದೆಗೆ ಬರೋರು ಸಾರ್. ಬಾಗಿಲಿಗೂ ಎಣ್ಣೆ ಹಾಕಿಸಿದೀನಿ. ವಿಮಾನವೂ ಇಲ್ಲಿ ಅಪರೂಪ."

ವಾಗೀಶಯ್ಯನವರು ಫೋನು ಆರಿಸಿ, ಹೊದಿಕೆ ಹಾಸಿ ಮಲಗಿದರು. ನಾಮಗಳು ಒಂದರ ಹಿಂದೊಂದು, ಗುಡಿಯಲ್ಲಿ ಸಾಲಾಗಿ ನಿಂತ ಭಕ್ತರಂತೆ ನೂಕುನುಗ್ಗಲಿಲ್ಲದೆ ಬಂದವು. ಅರ್ಧ ಮುಗಿಯಿತು, ಮುಕ್ಕಾಲು ಮುಗಿಯಿತು. ತಾತ ಎಲ್ಲೋ ನಿಂತು ತಲೆದೂಗುತ್ತಿದ್ದಾರೆ ಎನ್ನಿಸಿತು. ಎದೆ ತುಂಬಿ ಬಂತು. ಇನ್ನು ಕೆಲವೇ ನಾಮಗಳು.

ದಡದಡದಡ! ಬಾಗಿಲು ಮುರಿದೇ ಹೋಗುವಂತೆ ಬಡಿತ.

"ಸಾರ್! ದುಡುಕಬೇಡಿ ಸಾರ್!"

ತೆರೆದು ನೋಡಿದರೆ ಗೋವಿಂದರಾಜು. ಅವನ ಹಿಂದೆ ಗಾರೆ ಮೆತ್ತಿದ ಕೈಗಳ ಮೇಸ್ತ್ರಿ, ಕೆಲಸದವರು. ಅವರ ಹಿಂದೆ ರೇಷ್ಮೆ ಸೀರೆಯ ವಸಂತಮ್ಮ ಮತ್ತು ದಟ್ಟಗಳ್ಳಿಯ ಆ ರಸ್ತೆಯ ಹೆಂಗಸರು, ಗಂಡಸರು, ಮಕ್ಕಳು. ಇಟ್ಟಿಗೆ ತರುವ ಒಂದು ಗೂಡ್ಸ್ ಗಾಡಿಯ ತುಂಬ ಬಂದಿದ್ದರು. ಎಲ್ಲರ ನಡುವೆ ಅಲಮೇಲಮ್ಮ, ಕೆಂಪು ಮುಖ.

"ನನ್ನ ಮೆಷಿನ್ ಸದ್ದಿಗೆ ನೀವು ಮನೆ ಬಿಟ್ಟು ಹೋಗೋದಾ ಸಾರ್?" ಗೋವಿಂದರಾಜು ಕಣ್ಣೊರೆಸಿಕೊಂಡ. "ಕೆಲಸಾನೇ ನಿಲ್ಲಿಸ್ಬುಟ್ಟೆ. ಎಲ್ರೂನೂ ಕರ್ಕೊಂಡ್ ಬಂದ್ಬುಟ್ಟೆ. ಬನ್ನಿ ಮನೆಗೆ!"

"ಸದ್ದು ಅಂದ್ರೆ ಮೆಷಿನ್ನಲ್ಲ ಕಣ್ರೀ, ಸಂಸಾರದ್ದು" ಎಂದು ವಸಂತಮ್ಮ ತಿದ್ದಿದರು. "ಈ ವಯಸ್ಸಿನಲ್ಲಿ ಜಗಳ ಏನು ಸಾರ್? ಅಲಮೇಲಮ್ಮ, ನೀವೂ ಒಂದ್ ಮಾತು ಸೋಲಿ."

"ನಾನು ಯಾವ ಜಗಳ ಆಡಿದೆ?" ಅಲಮೇಲಮ್ಮ ಕಿಡಿಯಾದರು. "ಹೋಟೆಲ್ ನೋಡೋಕೆ ಹೋದರು ಅಂತ ಹೇಳಿದೆ. ಗಂಡಸರು ಮನೆ ಬಿಡುವಾಗ ಹಾಗೇ ಹೇಳೋದು ಅಂತ ಇವರು. ಕದ ಎಳೆದುಕೊಳ್ಳೋಕೂ ಬಿಡದೆ ಗಾಡಿ ಹತ್ತಿಸಿದರು. ಫೋನ್ ಮಾಡಿದರೆ ನಿಮ್ಮದು ಆರಿಹೋಗಿದೆ!"

"ನಾನಿಲ್ಲಿ ಇದೀನಿ ಅಂತ ಯಾರು ಹೇಳಿದರು?"

"ನಾನೇಯ ಸಾರ್" ಎಂದ ಹಿಂದಿನಿಂದ ದೇವಯ್ಯ. "ವಸಂತಮ್ಮೋರು ಫೋನ್ ಮಾಡಿ ಅಳ್ತಿದ್ರು. ನಂಗೂ ಕರ್ಳು ಚುರ್ ಅಂತು. ಎಂಗೆ ಸುಮ್ಕಿರೋದು?"

ವಾಗೀಶಯ್ಯನವರು ದೇಸಾಯರ ವಿಷಯ ಬಿಡಿಸಿ ಹೇಳಿದರು. ನಂಬಿದವರು ಕೆಲವರು, ಸಮಾಧಾನಕ್ಕೆ ತಲೆಯಾಡಿಸಿದವರು ಹಲವರು. ನಂಬಿದವರು ನಂಬದವರಿಗೆ ಗಟ್ಟಿಯಾಗಿ ವಿವರಿಸತೊಡಗಿದರು. ಅಕ್ಕಪಕ್ಕದ ಕೋಣೆಗಳ ಬಾಗಿಲುಗಳು ತೆರೆದುಕೊಂಡವು, ಎಣ್ಣೆ ಹಾಕಿದ್ದರಿಂದ ಸದ್ದಿಲ್ಲದೆ. ಮ್ಯಾನೇಜರು ಬಂದು, ಈ ಸಲ ಪಿಸುಮಾತಿನಲ್ಲಲ್ಲ, "ಸಾರ್, ನಿಮಗೂ ರೂಮಿಲ್ಲ, ನಿಮ್ಮ ಕಡೆಯವರಿಗೂ ರೂಮಿಲ್ಲ. ದಯವಿಟ್ಟು ಹೊರಡಿ!" ಎಂದು ಕೈಮುಗಿದ.

ಆಟೋದಲ್ಲಿ ಕೂತು ವಾಗೀಶಯ್ಯನವರು ಫೋನು ಆನ್ ಮಾಡಿದರು. ದೇಸಾಯರು ಎಷ್ಟೋ ಸಲ ಕರೆ ಮಾಡಿದ್ದರು. ಕೊನೆಗೊಂದು ಸಂದೇಶ: ಬಸ್ಸು ಬೇಗ ಬಂತು, ನಿಮ್ಮ ಮನೆಗೇ ಹೋಗುತ್ತಿದ್ದೇವೆ.

"ಮುಗಿಯಿತು" ಎಂದರು ವಾಗೀಶಯ್ಯ. "ಮನೇಲಿ ಯಾರೂ ಇಲ್ಲ, ಹೋಟೆಲೂ ಇಲ್ಲ. ತಾತನ ಹೆಸರು ತೆಗೆದೆ, ಅಲಮೇಲು. ಇನ್ನು ಮೈಸೂರಿನವನು ಅಂತ ಯಾವ ಬಾಯಲ್ಲಿ ಹೇಳಲಿ?"

ಅಲಮೇಲಮ್ಮ ಚೊಂಬಿನ ನೀರು ಕೊಟ್ಟರು.

ಆಟೋದ ಹಿಂದೆ ಗೂಡ್ಸ್ ಗಾಡಿಯೂ ಬಂತು. ದಟ್ಟಗಳ್ಳಿಯ ಆ ರಸ್ತೆ ಆಗ ನೀರಿಲ್ಲದ ಕಲ್ಯಾಣಿಯಂತೆ ಮೌನವಾಗಿತ್ತು. ಮೆಷಿನ್ನಿಲ್ಲ, ಮಿಕ್ಸಿಯಿಲ್ಲ, ಟೀವಿಯಿಲ್ಲ. ಎಲ್ಲರೂ ಮಂಡಕಳ್ಳಿಗೆ ಹೋಗಿದ್ದರಲ್ಲ! ಮನೆಯ ಬಾಗಿಲು ಓರೆಯಾಗಿತ್ತು. ಎಲ್ಲರೂ ಇಣುಕಿದರು. ವಾಗೀಶಯ್ಯನವರ ಮಂಚದ ಮೇಲೆ ದೇಸಾಯರು, ಅಲಮೇಲಮ್ಮನ ಮಂಚದ ಮೇಲೆ ಅವರ ಹೆಂಡತಿ, ಲೋಕ ಮರೆತು ಮಲಗಿದ್ದರು. ದೇಸಾಯರ ಗೊರಕೆ ಕೊಚ್ಚಿಯಲ್ಲಿ ದಡ ಮುಟ್ಟಿದ ಹಡಗಿನ ಕೂಗಿನ ಹಾಗಿತ್ತು.

ಯಾರದೋ ಕೆಮ್ಮಿಗೆ ದೇಸಾಯರು ಕಣ್ಣು ಬಿಟ್ಟರು.

"ಬಾಗಿಲಾ ತೆರದಿತ್ತು, ಕರದ್ರ ಯಾರೂ ಇಲ್ಲ, ಹಂಗ ಅಡ್ಡಾದ್ವಿ ನೋಡ್ರಿ. ವಾಗೀಶಯ್ಯನವರ, ನಾ ಸೋತೆ! ಏನ್ ಶಾಂತರೀ ಇದು! ಇಂಥಾ ನಿದ್ದಿ ಧಾರವಾಡದಾಗೂ ಕಂಡಿಲ್ಲ. ಮೈಸೂರು ಅಂದ್ರ ಮೈಸೂರು!"

ಇಡೀ ರಸ್ತೆಯ ಎದೆ ಒಮ್ಮೆಲೇ ಉಬ್ಬಿತು. ವಾಗೀಶಯ್ಯನವರ ಕಣ್ಣಲ್ಲಿ ನೀರೇ ಬಂತು. ತಾತನ ಪಟಕ್ಕೆ ಅಲ್ಲಿಂದಲೇ ಕೈಮುಗಿದರು.

"ಹೋಟೆಲ್ ಗೀಟೆಲ್ ಬ್ಯಾಡ್ರಿ" ಎಂದರು ದೇಸಾಯರು. "ಅಮಾವಾಸ್ಯೆ ಕಳೀಲಿ, ಇಲ್ಲಿಂದನ ಊರಿಗೆ ಹೋಗ್ತೀವಿ."

ಹುಣ್ಣಿಮೆ ಮುಗಿದು ಒಂದು ದಿನವಾಗಿತ್ತು, ಅಷ್ಟೆ.

"ಇರ್ಲಿ ಬುಡಿ ಸಾರ್!" ಗೋವಿಂದರಾಜು ಮುಂದೆ ಬಂದ. "ಅಲ್ಲೀಗಂಟ ನನ್ನ ಮನೆ ಕೆಲಸ ಬಂದ್. ಈ ರಸ್ತೇಲಿ ಒಂದು ಸೌಟೂ ಬೀಳಲ್ಲ. ಮೈಸೂರಿನ ಮರ್ಯಾದೆ ಕಣ್ರೀ!"

"ಭಾಳ ಉಪಕಾರ ಆತು. ಆದ್ರ ಒಂದ ಮಾತು, ತಪ್ಪು ತಿಳೀಬ್ಯಾಡ್ರಿ" ದೇಸಾಯರು ಸಂಕೋಚದಿಂದ ಮುಗುಳ್ನಕ್ಕರು. "ಮನ್ಯಾಗ ಒಂದ ನರಪಿಳ್ಳಿ ಇರಲಿಲ್ಲಲಾ, ಅದಕ್ಕ ಇಷ್ಟ ಛಲೋ ನಿದ್ದಿ ಬಂತು. ನನಗ ಯಾರರ ಒಳಗ ಓಡಾಡಿದ್ರೂ ಎಚ್ಚರ ಆಗ್ತದ."

ಎಲ್ಲರೂ ವಾಗೀಶಯ್ಯನವರ ಕಡೆ ತಿರುಗಿದರು. ವಾಗೀಶಯ್ಯನವರು ಅಲಮೇಲಮ್ಮನ ಕಡೆ ತಿರುಗಿದರು.

"ನನ್ನ ನೋಡಿ ಏನು ಪ್ರಯೋಜನ? ಮಾತು ಕೊಟ್ಟವರು ನೀವು" ಎಂದರು ಅಲಮೇಲಮ್ಮ. ಒಳಗೆ ಹೋಗಿ, ತಮ್ಮದೊಂದು ದಿಂಬನ್ನೂ ಚೀಲಕ್ಕೆ ಸೇರಿಸಿಕೊಂಡು ಬಂದರು.

"ಎಲ್ಲಿಗ್ ಸಾರ್ ಈಗ?" ದೇವಯ್ಯ ಮೆಲ್ಲಗೆ ಕೇಳಿದ.

"ಯಾವುದಾದರೂ ಹೋಟೆಲಿಗೆ."

"ಸದ್ದಿಲ್ದೆ ಇರೋದಾ?"

"ನಮ್ಮನ್ನು ಸೇರಿಸಿಕೊಳ್ಳೋದು."

ಗೇಟಿನ ಬಳಿ ವಸಂತಮ್ಮ ಸೆರಗಿನ ಮರೆಯಲ್ಲಿ ಫೋನಿಗೆ ಪಿಸುಗುಟ್ಟುತ್ತಿದ್ದರು. "ನಾನು ಹೇಳ್ಲಿಲ್ವಾ? ಮನೆ ಬಿಟ್ಟೇಬಿಟ್ರು ಕಣೇ. ಈಗ ಇಬ್ರೂನೂ!"

ದೇವಯ್ಯ ಆಟೋ ಸ್ಟಾರ್ಟ್ ಮಾಡಲು ಕೈ ಹಾಕಿದ. ವಾಗೀಶಯ್ಯನವರು ಥಟ್ಟನೆ ಅವನ ಕೈ ಹಿಡಿದರು. ಒಳಗಿನಿಂದ ದೇಸಾಯರ ಗೊರಕೆ ಮತ್ತೆ ಏಳತೊಡಗಿತ್ತು. ಆಮೇಲೆ, ಅಲಮೇಲಮ್ಮನನ್ನು ಆಟೋದೊಳಗೆ ಕೂರಿಸಿ, ಪಂಚೆ ಎತ್ತಿ ಕಟ್ಟಿ, ತಲೆ ನೆಟ್ಟಗೆ ಮಾಡಿಕೊಂಡು, ವಾಗೀಶಯ್ಯನವರು ದೇವಯ್ಯನ ಜೊತೆ ಆಟೋವನ್ನು ರಸ್ತೆಯ ತುದಿಯವರೆಗೂ ಸದ್ದಾಗದಂತೆ ತಳ್ಳಿಕೊಂಡು ಹೋದರು.