ಚಕ್ಕುಲಿಗೆ ಹೊಂದುವ ಬ್ಯಾಲೆ ಸಂಗೀತ

ಮಾತು ಕಡಿಮೆ ಇರುವ ಮನುಷ್ಯನಿಗೆ ಇಂಥ ಪ್ರಸಂಗಗಳು ಹೆಚ್ಚು. ಅವನು ಕಾರಣ ಹೇಳುವುದಿಲ್ಲ. ನೋಡಿದವರು ತಮಗೆ ತೋಚಿದ ಕಾರಣ ಹಚ್ಚಿಕೊಂಡು ಹೋಗುತ್ತಾರೆ. ಉಮರ್ಗಾದ ಒಂದು ಶಾಲೆಯಲ್ಲಿ ಗಣಿತ ಕಲಿಸುವ ನನಗೆ ಈ ದೀಪಾವಳಿ ರಜೆಯಲ್ಲಿ ಮೇಲಿಂದ ಮೇಲೆ ಹಾಗೇ ಆಯಿತು. ಆದ್ದರಿಂದ ಈ ಸಲ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಡೆ ತೊಂಬತ್ಮೂರರಲ್ಲಿ ಆದ ಭೂಕಂಪದ ಮರುವರ್ಷ ನನ್ನ ಹೆಂಡತಿ ಸಾಸ್ತೂರಿನ ತಗಡಿನ ಶೆಡ್ಡಿನಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು. ಅಲ್ಲಿಗೆ ಬಂದಿದ್ದ ಪರದೇಶದ ಡಾಕ್ಟರ್‌ಬಾಯಿಯೊಬ್ಬರು ಊರಿಗೆ ಹೋಗುವಾಗ ಅವಳಿಗೊಂದು ಕ್ಯಾಸೆಟ್ ಕೊಟ್ಟರು. ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯುತ್ತಾರಲ್ಲ, ಆ ಬ್ಯಾಲೆಯ ಸಂಗೀತ. ಹಾಡುವವರಿಲ್ಲ, ಬರೀ ವಾದ್ಯ. ಪ್ರತಿ ದೀಪಾವಳಿಗೆ ಅದನ್ನು ಹಚ್ಚಿಯೇ ಅವಳು ಚಕ್ಕುಲಿ ಕರಿಯುತ್ತಿದ್ದಳು. "ಎಷ್ಟು ನಿಮಿಷ ಕರೀಬೇಕು?" ಎಂದು ನಾನು ಕೇಳಿದರೆ, "ಈ ಮೊದಲನೇ ಹಾಡು ಮುಗಿಯೋತನಕ್ರಿ" ಎನ್ನುತ್ತಿದ್ದಳು. ಅದನ್ನು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ.

ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವಳು ತೀರಿಕೊಂಡಳು. ಆ ದೀಪಾವಳಿಗೆ ನಮ್ಮ ಮನೆಯ ಒಲೆಯ ಮೇಲೆ ಕಡಾಯಿ ಏರಲಿಲ್ಲ. ಸಾವಾದ ವರ್ಷ ಏನೂ ಕರಿಯಬಾರದೆಂದು ಓಣಿಯವರೇ ಹಬ್ಬದ ತಿಂಡಿ, ಫರಾಳದ ಡಬ್ಬಿ ತಂದುಕೊಟ್ಟರು. ಹದಿನೇಳು ಡಬ್ಬಿ. ಎಲ್ಲವನ್ನೂ ತೊಳೆದು, ಮುಚ್ಚಳದ ಮೇಲಿನ ಹೆಸರು ನೋಡಿ, ಅವರವರಿಗೆ ತಿರುಗಿ ಕೊಟ್ಟೆ.

ಈ ವರ್ಷ ಮಗಳು ಉದಗೀರದ ಗಂಡನ ಮನೆಯಿಂದ ಹಬ್ಬಕ್ಕೆ ಬರುವವಳಿದ್ದಳು. "ಅವ್ವನ ಚಕ್ಕಲಿ ತಿನ್ನಬೇಕು ಅನ್ನಿಸ್ಯಾದಪ್ಪ" ಎಂದು ಫೋನಿನಲ್ಲಿ ಅಂದಳು. ಹಿಟ್ಟಿನ ಅಳತೆ ಡೈರಿಯಲ್ಲಿತ್ತು. ಕ್ಯಾಸೆಟ್ ಹಚ್ಚಿದೆ, ಟೇಪು ಒಳಗೇ ಸುತ್ತಿಕೊಂಡು ತುಂಡಾಯಿತು. ಆ ಹಾಡು ಎಷ್ಟು ನಿಮಿಷದ್ದೆಂದು ನಾನು ಒಮ್ಮೆಯೂ ಬರೆದಿಟ್ಟಿರಲಿಲ್ಲ. ಬರೆಯುವ ಪ್ರಸಂಗ ಬಂದೀತೆಂದು ಅನ್ನಿಸಿರಲಿಲ್ಲ.

ಗುನುಗಿದ್ದು

ಪೇಟೆಯಲ್ಲಿ ಪೆನ್‌ಡ್ರೈವಿಗೆ ಹಾಡು ತುಂಬಿಕೊಡುವ ಅಂಗಡಿಯಿದೆ. ಮಾಲೀಕ ನನ್ನ ಹಳೆಯ ವಿದ್ಯಾರ್ಥಿ.

"ಯಾವ ಹಾಡು ಬೇಕ್ರಿ ಸರ್?"

"ಹೆಸರು ಗೊತ್ತಿಲ್ಲಪ್ಪ. ಬ್ಯಾಲೆ."

"ಹಾಡಿದವರು ಯಾರು?"

"ಹಾಡಿದವರಿಲ್ಲ."

"ಹಂಗಾರ ಒಂದೀಟು ಗುನುಗ್ರಿ. ಮೊಬೈಲು ಹುಡುಕ್ತದ."

ಶಾಲೆಯ ಪ್ರಾರ್ಥನೆಯಲ್ಲೂ ಬರೀ ತುಟಿ ಆಡಿಸುವವನು ನಾನು. ಆದರೂ ಗುನುಗಿದೆ. ಗಿರಾಕಿಗಳು ಮಾತು ನಿಲ್ಲಿಸಿದರು. ಚಹಾದವನು ಕಿಟ್ಲಿ ಹಿಡಿದು ಬಾಗಿಲಲ್ಲೇ ನಿಂತ. ಮೂರನೆಯ ಸಲಕ್ಕೆ ಮೊಬೈಲು ಗುರುತು ಹಿಡಿದು, ಅದೇ ಹಾಡಿನ ಹನ್ನೊಂದು ಧ್ವನಿಮುದ್ರಣಗಳನ್ನು ತೋರಿಸಿತು. ಹನ್ನೊಂದು ದೇಶದ ಹನ್ನೊಂದು ಮೇಳ.

"ಇದರಾಗ ಚಲೋದು ಆರಿಸ್ರಿ ಸರ್" ಎಂದ.

ನಾನು ಕಿಸೆಯಿಂದ ಕ್ರೀಡಾಕೂಟದ ಸ್ಟಾಪ್‌ವಾಚ್ ತೆಗೆದೆ.

"ಸರ್, ಎಷ್ಟು ನಿಮಿಷ ಅಂತ ಕೆಳಗ ಬರದದಲ್ರಿ?"

"ಮುಂದ ಹಿಂದ ಖಾಲಿ ಇರ್ತದಪ್ಪ. ಅದನ್ನ ಕಳೀಬೇಕು."

ಹನ್ನೊಂದನ್ನೂ ಪೂರ್ತಿ ಕೇಳಿ ಬರೆದುಕೊಂಡೆ. ತೀರ ಚಿಕ್ಕದು ಎರಡು ನಿಮಿಷ ಐವತ್ತು ಸೆಕೆಂಡು. ತೀರ ದೊಡ್ಡದು ನಾಲ್ಕು ನಿಮಿಷ ಮೂವತ್ತೈದು. ಹಿಂದೆ ನಿಂತ ಗಿರಾಕಿಗಳು ಗೊಣಗತೊಡಗಿದಾಗ ಮಾಲೀಕ ಸಮಾಧಾನ ಹೇಳಿದ: "ಕೂಡ್ರಿ, ಕೂಡ್ರಿ, ಸರ್ ಪೇಪರ್ ತಪಾಸಲಿಕತ್ತಾರ. ಹತ್ತನೇತ್ತದಾಗ ನನಗ ಮೂವತ್ನಾಲ್ಕು ಕೊಟ್ಟವರು ಇವರೇ. ಇದರಾಗೂ ಒಂದೂ ಪಾಸಾಗಂಗಿಲ್ಲ."

ಬ್ಯಾಂಡ್ ಮಾಸ್ತರರ ಸಲಹೆ

ಹನ್ನೊಂದರಲ್ಲಿ ನಮ್ಮ ಕ್ಯಾಸೆಟ್ಟಿನ ವೇಗಕ್ಕೆ ಹತ್ತಿರದ್ದು ಯಾವುದು? ತಿಳಿದವರನ್ನೇ ಕೇಳೋಣವೆಂದು ಬಸ್ಸು ಹಿಡಿದು ನಿಲಂಗಾಕ್ಕೆ ಹೋದೆ. ಅಲ್ಲಿ ಮದುವೆ ಬ್ಯಾಂಡಿನ ಮಾಸ್ತರರೊಬ್ಬರಿದ್ದಾರೆ. ನಾನು ಗುನುಗಿ ತೋರಿಸಿದೆ. ಅವರು ಕಣ್ಣು ಮುಚ್ಚಿ ಒಂದೊಂದನ್ನೇ ಕೇಳುತ್ತ ಹೋದರು.

"ಇದು ಬ್ಯಾಡ. ಈ ಚಾಲಿಗಿ ವರಾತ ಮೆರವಣಿಗಿ ಹೊಂಟ್ರ ಮದುಮಗ ಮುಂದ, ಕುದುರಿ ಹಿಂದ."

ಮುಂದಿನದು.

"ಇದೂ ಬ್ಯಾಡ. ಮಂದಿ ನಿಂತಲ್ಲೇ ನಿದ್ದಿ ಹೋಗ್ತಾರ. ಮುಹೂರ್ತ ತಪ್ತದ."

ಐದನೆಯದಕ್ಕೆ ತಲೆದೂಗಿದರು. "ಇದು ಬರೋಬ್ಬರಿ ಅದ. ಬೀಗರಿಗೂ ಸಿಟ್ಟು ಬರಂಗಿಲ್ಲ. ಕಾರ್ಯಕ್ರಮ ಏನದರಿ?"

"ಚಕ್ಕಲಿ ಕರಿಯೋದು."

ಮಾಸ್ತರರು ಕಣ್ಣು ತೆರೆದು ನನ್ನನ್ನೇ ನೋಡಿದರು. ಆದರೆ ಈ ಧಂದೆಯಲ್ಲಿ ತಲೆ ನೆರೆತವರು. ಬಂದ ಗಿರಾಕಿಯನ್ನು ಬಿಟ್ಟುಕೊಡುವವರಲ್ಲ.

"ಅದಕ್ಕ ಮೊಬೈಲ್ ಯಾಕ್ರಿ? ನಾವ ಹದಿನಾಲ್ಕು ಮಂದಿ ಬರ್ತೀವಿ. ಅಡಗಿಮನಿ ಎಷ್ಟು ದೊಡ್ಡದದ, ಅಷ್ಟು ಹೇಳ್ರಿ."

ವೈನಿ ಬಂದದ್ದು

ಮನೆಗೆ ಬಂದು ಪ್ರಯೋಗ ಶುರುಮಾಡಿದೆ. ಮಾಸ್ತರರು ಆರಿಸಿಕೊಟ್ಟ ಐದನೆಯ ಧ್ವನಿಮುದ್ರಣಕ್ಕೆ ಚಕ್ಕುಲಿ ಸೀದು ಕಪ್ಪಾಯಿತು. ಅದಕ್ಕಿಂತ ಚಿಕ್ಕದನ್ನು ಹಚ್ಚಿದೆ, ಅದೂ ಕಪ್ಪು. ತೀರ ಚಿಕ್ಕದನ್ನು ಹಚ್ಚಿದೆ; ಹೊರಗೆ ಕೆಂಪು, ಒಳಗೆ ಹಸಿ. ಒಂದು ಹಾಳೆಗೆ ಗೆರೆ ಎಳೆದು ಕ್ರಮಸಂಖ್ಯೆ, ಅವಧಿ, ಬಣ್ಣ, ಷರಾ ಎಂದು ಬರೆಯುತ್ತ ಹೋದೆ.

ಹೊಗೆ ನೋಡಿ, ಓಣಿಗೆಲ್ಲ ಅತ್ತಿಗೆಯಾದ ಬಾಜೂ ಮನೆಯ ವೈನಿ ಓಡಿ ಬಂದರು. ಅವರ ಯಜಮಾನರದು ಕಿರಾಣಿ ಅಂಗಡಿ.

"ಗುರುಗಳ, ಏನು ಸುಡ್ಲಿಕತ್ತೀರಿ?"

"ಏಳನೇದು, ವೈನಿ."

ವೈನಿ ಹಾಳೆ ನೋಡಿದರು, ಕಡಾಯಿ ನೋಡಿದರು, ಬಗ್ಗಿ ಗ್ಯಾಸು ನೋಡಿದರು.

"ಉರಿ ಭಾಳ ಜೋರದಲ್ರಿ!"

"ಹೌದ್ರಿ. ಅದಕ್ಕಂತ ಒಂಬತ್ತನೇದು ಹಚ್ಚಿ ನೋಡೋಣು ಅಂತ."

ವೈನಿ ಸೆರಗು ಬಾಯಿಗೆ ಹಿಡಿದುಕೊಂಡು ಅಂಗಳಕ್ಕೆ ಹೋದರು. ಕಾಂಪೌಂಡಿನ ಆಚೆಗಿದ್ದ ಯಜಮಾನರಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು: "ಏನ್ರೀ, ಕೇಳಿದ್ರ್ಯಾ? ಚಕ್ಕಲಿ ಹೊತ್ತಿದ್ರ ಮಂದಿ ಉರಿ ಸಣ್ಣ ಮಾಡ್ತಾರ. ನಮ್ಮ ಗುರುಗಳು ಹಾಡು ಬದಲಾಯಿಸ್ಲಿಕತ್ತಾರ!"

ಮಗಳು ಬಂದಳು

ಧನತ್ರಯೋದಶಿಯ ದಿನ ಮಗಳು ಬರುವ ಹೊತ್ತಿಗೆ ಉರಿ ಸಣ್ಣ ಮಾಡಿ, ಎಂಟನೆಯದನ್ನು ಕಾಯಂ ಮಾಡಿದ್ದೆ. ಮೂರು ನಿಮಿಷ ನಲವತ್ತು ಸೆಕೆಂಡು. ಅವಳು ಚೀಲ ಇಳಿಸುತ್ತಿದ್ದಂತೆ ಹಚ್ಚಿದೆ. ವಾದ್ಯ ಶುರುವಾದದ್ದೇ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ತುಂಬಿದ್ದವು. ನಾನು ಬೇಕೆಂದೇ ಎಣ್ಣೆಯ ಕಡೆ ನೋಡುತ್ತ ನಿಂತೆ. ಬಲಗೈಯಲ್ಲಿ ಚಕ್ಕುಲಿ ಎತ್ತುವ ಝಾರಿ, ಎಡಗೈಯಲ್ಲಿ ಸ್ಟಾಪ್‌ವಾಚ್.

"ಅಪ್ಪಾ, ಅದ್ಯಾಕ ಕೈಯಾಗ?"

"ನಿಮ್ಮವ್ವನ ಪದ್ಧತಿ. ಹಾಡು ಮುಗಿಯೋತನ ಕರಿಯೋದು. ಆಕೀನೇ ಹೇಳ್ಯಾಳ. ಡೈರ್ಯಾಗ ಅದ."

ಮಗಳು ನನ್ನ ಮುಖ ನೋಡಿದಳು. ಕಣ್ಣೀರು ಒರೆಸಿಕೊಳ್ಳುತ್ತಲೇ ನಗಲು ಶುರುಮಾಡಿದಳು. ನಗುತ್ತ ನಗುತ್ತ ಹೊಸ್ತಿಲ ಮೇಲೆ ಕುಳಿತೇಬಿಟ್ಟಳು.

"ಅಪ್ಪಾ, ಅವ್ವ ಹಾಡು ಕೇಳಿ ಕರೀತಿದ್ದಿಲ್ಲ. ಎಣ್ಯಾಗ ಗುಳ್ಳಿ ನಿಂತ್ವಂದ್ರ ತಗೀತಿದ್ಲು."

"ಹಂಗಾರ ಈ ಹಾಡು?"

"ನೀವು ಗಡಿಯಾರ ಹಿಡಕೊಂಡು ಕಡಾಯಿ ಮುಂದ ನಿಂದರ್ತಿದ್ರಿ. ಎಷ್ಟು ನಿಮಿಷ ಆತು, ಎಷ್ಟು ಉಳದದ, ಅಂತ ಒಂದೇ ಸವನ ಕೇಳೋದು. ನಿಮ್ಮನ್ನ ಹೊರಗ ಕಳಸ್ಲಿಕ್ಕೆ ಅವ್ವ ಭಜನಿ ಹಚ್ಚಿ ನೋಡಿದ್ಲು, ಹೋಗಲಿಲ್ಲ. ಶಹನಾಯಿ ಹಚ್ಚಿದ್ಲು, ಹೋಗಲಿಲ್ಲ. ಡಾಕ್ಟರ್‌ಬಾಯಿ ಕ್ಯಾಸೆಟ್ ಹಚ್ಚಿದ ದಿನ ಸುಮ್ಮ ಹೋಗಿ ಖುರ್ಚ್ಯಾಗ ಕಣ್ಣು ಮುಚ್ಚಿ ಕುಂತ್ರಿ. ನನಗೆಲ್ಲ ಹೇಳ್ಯಾಳ."

ಇಪ್ಪತ್ತೆಂಟು ದೀಪಾವಳಿ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ತಪ್ಪಿರಲಿಲ್ಲ. ಎಂಟು ದಿನ ನಾನು ಹುಡುಕಿದ್ದು ಚಕ್ಕುಲಿಗೆ ಹೊಂದುವ ಹಾಡನ್ನು. ಹೆಂಡತಿ ನನಗೆ ಹೊಂದುವ ಹಾಡನ್ನು ಎಂದೋ ಆರಿಸಿಟ್ಟಿದ್ದಳು. ನನಗೂ ನಗು ಬಂತು. ಆ ಮನೆಯಲ್ಲಿ ನಾನು ಹಾಗೆ ನಕ್ಕು ಎರಡು ವರ್ಷವಾಗಿತ್ತು. ಕಡಾಯಿಯಲ್ಲಿದ್ದವು ಸೀದವು, ಇಬ್ಬರೂ ತೆಗೆಯಲಿಲ್ಲ.

ಮಗಳು ಎದ್ದು ಝಾರಿ ಕಸಿದುಕೊಂಡಳು. "ನಡೀರಿ, ಹೊರಗ ಕೂಡ್ರಿ."

ಕುಳಿತೆ. ಹಾಡು ಮುಗಿಯಿತು, ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಒಂದು ತಾಟು ಬಂತು. ಮುರಿದು ಬಾಯಿಗೆ ಹಾಕಿಕೊಂಡೆ. ಹೆಂಡತಿಯದೇ ಚಕ್ಕುಲಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಆಮೇಲೆ ಒಂದು ಸಂಶಯ ಬಂದು, ಒಳಗೆ ಇಣುಕಿ ಕೇಳಿದೆ:

"ಗುಳ್ಳಿ ಪೂರಾ ನಿಲ್ಲಬೇಕೇನು, ಒಂದೆರಡು ಉಳದ್ರೂ ನಡೀತದೇನು?"

ಹಾಡು ಒಮ್ಮೆಲೇ ಜೋರಾಯಿತು.