ಹನ್ನೆರಡು ಸಿಗಡಿ, ಒಂದು ಬೆಂಕಿಪೊಟ್ಟಣ

ಬೇಡದ ಕಡೆ ಬಾಯಿ ಹಾಕಿ ಕೆಟ್ಟವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಕಿರುಬೆರಳಿನ ತುದಿಯಷ್ಟಿರುವ ಸಿಗಡಿಗಳ ವಿಷಯದಲ್ಲಿ ಬಾಯಿ ಹಾಕಿ ಕೆಟ್ಟವನು ಬಹುಶಃ ನಮ್ಮ ಫೈಲಪ್ಪ ಒಬ್ಬನೇ.

ಫೈಲಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕಚೇರಿಯ ದಾಖಲೆ ಕೋಣೆಯಲ್ಲಿ ಹದಿನಾರು ವರ್ಷ ಕಡತಗಳ ಧೂಳು ಕುಡಿದು ಸಂಪಾದಿಸಿದ ಬಿರುದು. ಈಗ ಅವನಿಗೆ ದೂರದ ಶಾಖೆಗೆ ವರ್ಗವಾಗಿತ್ತು. ಅಲ್ಲಿಯ ಬಿಸಿಲಿನ ಬಗ್ಗೆ ಹೋಗಿಬಂದವರು ಮಾತಾಡುವಾಗಲೂ ಬೆವರುತ್ತಿದ್ದರು. ಹೆಂಡತಿ ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ ಹಾಕಿದ್ದಳು, ಈಗಷ್ಟೇ ಗಿರಾಕಿಗಳು ಕುದುರಿದ್ದರು. ಅವಳು ಬರುವಂತಿರಲಿಲ್ಲ. ಒಬ್ಬನೇ ಹೋಗಿರೋಣವೆಂದರೆ, ಫೈಲಪ್ಪನಿಗೆ ನೀರು ಕಾಯಿಸುವುದಕ್ಕೂ ಹೆಂಡತಿ ಪಕ್ಕದಲ್ಲಿರಬೇಕು. ವರ್ಗ ರದ್ದು ಮಾಡಬಲ್ಲವರು ಮ್ಯಾನೇಜರ್ ಸಾಹೇಬರೊಬ್ಬರೇ.

ಸಾಹೇಬರ ಜೀವವೆಲ್ಲ ಅವರ ಎ.ಸಿ. ಕೋಣೆಯ ಗಾಜಿನ ತೊಟ್ಟಿಯಲ್ಲಿದ್ದ ಹನ್ನೆರಡು ಕೆಂಪು ಸಿಗಡಿಗಳಲ್ಲಿತ್ತು. ಸಿಹಿನೀರಿನ ಸಿಗಡಿ, ತಿನ್ನುವುದಕ್ಕಲ್ಲ, ನೋಡುವುದಕ್ಕೆ. ಎರಡು ತಿಂಗಳ ತರಬೇತಿಗೆ ಹೊರಟಾಗ ಅವರು, "ಇವನ್ನ ಯಾರು ನೋಡ್ಕೋತಾರಪ್ಪಾ?" ಎಂದು ನಿಟ್ಟುಸಿರು ಬಿಟ್ಟರು.

ಫೈಲಪ್ಪನ ನಾಲಿಗೆ ಅವನನ್ನು ಒಂದು ಮಾತೂ ಕೇಳದೆ, "ನಾನಿದ್ದೀನಲ್ಲ ಸರ್! ನಮ್ಮ ತಾರಸಿ ಮೇಲೆ ತೊಟ್ಟಿ ಇಟ್ಟು ಸಾಕ್ತೀನಿ. ಬಯಲಲ್ಲಿ ಸಾಕಿದ್ರೇನೇ ಇವು ಗಟ್ಟಿಯಾಗೋದು. ಚಿಕ್ಕಂದಿನಿಂದ ನನಗೆ ಅಭ್ಯಾಸ," ಎಂದುಬಿಟ್ಟಿತು. ಚಿಕ್ಕಂದಿನಿಂದ ಅವನು ಸಾಕಿಕೊಂಡು ಬಂದದ್ದು ಒಂದು ನೆಗಡಿಯನ್ನು ಮಾತ್ರ.

"ಬಿಸಿಲಿಗೆ ಬದುಕ್ತಾವೇನ್ರೀ?"

"ಹೆತ್ತ ಮಕ್ಕಳಿಗಿಂತ ಹೆಚ್ಚಾಗಿ ನೋಡ್ಕೋತೀನಿ ಸರ್."

"ಹಾಗಾದ್ರೆ ನಾನು ಬರೋವರೆಗೂ ಇಲ್ಲೇ ಇರಿ, ನಿಮ್ಮ ವರ್ಗದ ವಿಷಯ ಆಮೇಲೆ ನೋಡ್ತೀನಿ," ಎಂದು ಸಾಹೇಬರು ರೈಲು ಹತ್ತಿದರು.

ಎರಡು ತಿಂಗಳು ಫೈಲಪ್ಪ ಪಟ್ಟ ಪಾಡು ಅವನಿಗೇ ಗೊತ್ತು. ಸಿಮೆಂಟ್ ತೊಟ್ಟಿಗೆ ಪಾಚಿ ತುಂಬಿದ, ಅಡಗುವುದಕ್ಕೆ ಒಡೆದ ಮಡಕೆ ಇಟ್ಟ, ಬಿಸಿಲಿಗೆ ಗೋಣಿತಾಟು ಕಟ್ಟಿದ, ಕಾಗೆಗಳಿಗೆಂದು ಬಲೆ ಹೊದಿಸಿದ. ಮಧ್ಯಾಹ್ನ ನೀರು ಬಿಸಿಯಾದಾಗ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ತೇಲಿಬಿಡುವುದಕ್ಕೆ ಹೆಂಡತಿ ಅಂಗಡಿಯಿಂದ ಓಡಿ ಬರಬೇಕಿತ್ತು. "ನನಗೆ ಜ್ವರ ಬಂದಾಗ ಹಣೆಗೆ ಒಂದು ಒದ್ದೆ ಬಟ್ಟೆ ಹಾಕಿದೋರಲ್ಲ ನೀವು," ಎಂದು ಅವಳು ಆಗಾಗ ನೆನಪಿಸುತ್ತಿದ್ದಳು.

ಅಂತೂ ಸಾಹೇಬರು ಬರುವ ಭಾನುವಾರ ಬಂತು. ಸಂಜೆ ಐದಕ್ಕೆ ಅವರೇ ಮನೆಗೆ ಬರುವವರಿದ್ದರು. ಹಿಂದಿನ ದಿನ ಕೆಳಮನೆಯ ನಿವೃತ್ತ ಹೆಡ್‌ಮಾಸ್ತರು ತೊಟ್ಟಿಗೆ ಬಗ್ಗಿ ನೋಡಿ, "ಸಾಹೇಬರು ಬರೋವಾಗ ನೀರು ಹೀಗಾ ಇರೋದು? ಅರ್ಧ ಬದಲಾಯಿಸಯ್ಯಾ," ಎಂದಿದ್ದರು. ಮಾಸ್ತರು ಹೇಳಿದ್ದಕ್ಕೆ ಇಲ್ಲವೆನ್ನುವ ಧೈರ್ಯ ಫೈಲಪ್ಪನಿಗೆ ಶಾಲೆಯಲ್ಲೇ ಇರಲಿಲ್ಲ. ಬಾವಿಯ ತಣ್ಣೀರು ತಂದು ಸುರಿದಿದ್ದ.

ಭಾನುವಾರ ಬೆಳಿಗ್ಗೆ ಗೋಣಿತಾಟು ಸರಿಸಿ ನೋಡಿದ. ನೀರಲ್ಲಿ ಒಂದು ಸಿಗಡಿ ಬಣ್ಣ ಕಳೆದುಕೊಂಡು ಅಲುಗಾಡದೆ ಬಿದ್ದಿತ್ತು. ಮೀಸೆ, ಕಾಲು, ಬಾಲ ಎಲ್ಲ ಇದೆ, ಜೀವ ಒಂದಿಲ್ಲ. ಪಕ್ಕದಲ್ಲಿ ಇನ್ನೊಂದು. ಪಾಚಿಯ ಮೇಲೆ ಮೂರು. ಚಮಚದಲ್ಲಿ ಎತ್ತಿ ಎತ್ತಿ ಬೆಂಕಿಪೊಟ್ಟಣಕ್ಕೆ ಹಾಕಿದ. ಹನ್ನೊಂದು! ಹನ್ನೆರಡನೆಯದನ್ನು ಬಲೆಯ ಸಂದಿನಿಂದ ಕಾಗೆ ಕೊಂಡೊಯ್ದಿರಬೇಕು. ಜೀವಂತವಾಗಿ ಒಂದೂ ಕಾಣಲಿಲ್ಲ.

"ಮುಗೀತು ಕಣೇ," ಎಂದು ಮೆಟ್ಟಿಲ ಮೇಲೆ ಕುಸಿದ. "ಹದಿನಾರು ವರ್ಷದಲ್ಲಿ ನನ್ನ ಕೈಗೆ ಜೀವ ಇರೋ ವಸ್ತು ಕೊಟ್ಟಿದ್ದು ಇದೇ ಮೊದಲು. ಕಡತಗಳಾದ್ರೆ ಸತ್ತರೂ ಯಾರಿಗೂ ಗೊತ್ತಾಗ್ತಿರಲಿಲ್ಲ."

ಹೆಂಡತಿ ಪೊಟ್ಟಣ ತೆರೆದು ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ಸೆರಗು ಬಿಗಿದು ಎದ್ದಳು. "ಅಳ್ತಾ ಕೂತ್ರೆ ವರ್ಗ ನಿಲ್ಲುತ್ತಾ? ಮಾರ್ಕೆಟ್ ಹತ್ರ ಮೀನಿನ ಅಂಗಡಿ ಇದೆಯಲ್ಲ, ಅಲ್ಲಿ ಹನ್ನೆರಡು ತಂದು ಬಿಡಿ. ಸಿಗಡಿ ಮುಖ ಯಾರು ಗುರುತು ಹಿಡೀತಾರೆ?"

ಅಲಂಕಾರದ ಮೀನು ಮಾರುವ ಆ ಅಂಗಡಿಯಲ್ಲಿ ಕೆಂಪು ಸಿಗಡಿಗಳೇನೋ ಇದ್ದವು, ಆದರೆ ಎಲ್ಲ ಮರಿಗಳು. "ಏನ್ ಸಾರ್, ಇದ್ದದ್ದು ಸತ್ತೋದ್ವಾ?" ಎಂದು ಅಂಗಡಿಯವನು ಕೇಳಿದ.

ಇಲ್ಲಾದರೂ ಬಾಯಿಬಿಟ್ಟಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಬಾಯಿ ಬಿಡಬೇಕಾದ ಕಡೆ ಫೈಲಪ್ಪನಿಗೆ ಎಲ್ಲಿಲ್ಲದ ಮರ್ಯಾದೆ. "ಛೆ ಛೆ, ಸುಮ್ನೆ ಜೊತೆಗಿರಲಿ ಅಂತ," ಎಂದ. ಚಿಕ್ಕದಾಗಿಬಿಟ್ಟಿವೆಯಲ್ಲ ಎಂದು ಸಾಹೇಬರು ಕೇಳಿದರೆ ಬಿಸಿಲಿಗೆ ಸೊರಗಿವೆ ಎಂದರಾಯಿತು ಎಂದು ಸಮಾಧಾನ ಮಾಡಿಕೊಂಡು ಹನ್ನೆರಡು ಮರಿ ಕಟ್ಟಿಸಿಕೊಂಡ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡು ನಿಂತ. ಹಿಂದಿನವನು ಒತ್ತಿದಾಗಲೆಲ್ಲ, "ಸ್ವಾಮೀ, ಮಕ್ಕಳಿವೆ, ಮಕ್ಕಳಿವೆ!" ಎಂದು ಕೂಗಿದ. ನಿಲ್ದಾಣದಿಂದ ಮನೆಯವರೆಗೆ ಕೊಡೆಯನ್ನು ಚೀಲಕ್ಕೆ ಹಿಡಿದು, ತಾನು ಬಿಸಿಲಲ್ಲಿ ನಡೆದ. ಅಂಗಿಯ ಮುಂಭಾಗ ತೊಯ್ದಿತ್ತು, ಹಿಂಭಾಗ ಬೆವೆತಿತ್ತು.

ಮನೆ ತಲುಪಿ ಮೆಟ್ಟಿಲು ಹತ್ತಿದರೆ ಬೀದಿಯ ಅರ್ಧ ಜನ ಅವನ ತಾರಸಿಯ ಮೇಲಿದ್ದರು. ಹೆಡ್‌ಮಾಸ್ತರು ಎಲ್ಲರಿಗೂ ಬೆಂಕಿಪೊಟ್ಟಣ ತೆರೆದು ತೋರಿಸುತ್ತಾ, "ಪಾಪ, ಹನ್ನೊಂದೂ ಒಂದೇ ರಾತ್ರೀಲಿ!" ಎನ್ನುತ್ತಿದ್ದರು. ಬಂದವರು ಫೈಲಪ್ಪನ ಹೆಗಲು ತಟ್ಟಿ, ಧೈರ್ಯ ತಂದುಕೊಳ್ಳಿ ಎಂದು ಹೇಳಿ ಒಬ್ಬೊಬ್ಬರಾಗಿ ಇಳಿದು ಹೋದರು.

"ಮಾಸ್ತರೇ, ಕಾಲಿಗೆ ಬೀಳ್ತೀನಿ. ಸಾಹೇಬರ ಮುಂದೆ ಮಾತ್ರ ಏನೂ ಹೇಳ್ಬೇಡಿ."

"ನಲವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಅಂತ ಪಾಠ ಮಾಡಿದೋನು ಕಣಯ್ಯಾ ನಾನು."

"ಸುಳ್ಳು ಹೇಳಿ ಅಂತಿಲ್ಲ. ಸುಮ್ಮನಿದ್ರೆ ಸಾಕು."

ಮಾಸ್ತರಿಗೆ ಅದು ಇನ್ನೂ ಕಷ್ಟ. ಕೊನೆಗೆ, "ಆಯ್ತು. ಮಾತು ಕೊಟ್ಟೆ. ಏನೇ ಆಗಲಿ, ತುಟಿ ಬಿಚ್ಚಲ್ಲ," ಎಂದರು.

ಚೀಲವನ್ನು ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಸಿ, ಮರಿಗಳನ್ನು ಬಿಟ್ಟು ಫೈಲಪ್ಪ ಅಂಗಿ ಬದಲಾಯಿಸುವುದಕ್ಕೂ ಸಾಹೇಬರು ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ಅವರು ಮಾತಿಗೆ ಮೊದಲು ಜೇಬಿನಿಂದ ಒಂದು ಕಾಗದ ತೆಗೆದರು.

"ನಿಮ್ಮ ವರ್ಗ ರದ್ದಾದ ಆದೇಶ. ಸಹಿ ಹಾಕೇ ತಂದಿದ್ದೀನಿ. ತಗೊಳ್ಳಿ... ತಾಳಿ, ಮೊದಲು ನನ್ನ ಮಕ್ಕಳನ್ನ ನೋಡ್ತೀನಿ."

ತೊಟ್ಟಿಗೆ ಚಿಟಿಕೆ ಆಹಾರ ಉದುರಿಸಿದರು. ಮರಿಗಳು ಬಂದವು. ಫೈಲಪ್ಪ "ಬಿಸಿಲಿಗೆ ಸ್ವಲ್ಪ..." ಎಂದು ಶುರುಮಾಡುವಷ್ಟರಲ್ಲಿ ಒಡೆದ ಮಡಕೆಯೊಳಗಿಂದ ಒಂದು ದೊಡ್ಡ ಸಿಗಡಿ ಮೀಸೆ ಆಡಿಸುತ್ತಾ ಹೊರಬಂತು. ಅದರ ಹಿಂದೆ ಇನ್ನೊಂದು. ಪಾಚಿಯೊಳಗಿಂದ ನಾಲ್ಕು. ಆಮೇಲೆ ಉಳಿದವೂ. ದೊಡ್ಡವೇ ಒಟ್ಟು ಹನ್ನೆರಡು! ಫೈಲಪ್ಪ ಎರಡು ಸಲ ಎಣಿಸಿದ. ಹೆಂಡತಿ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಸಾಹೇಬರು, ಮಾಸ್ತರು ತೊಟ್ಟಿಯ ಕಟ್ಟೆಯ ಮೇಲಿಟ್ಟಿದ್ದ ಬೆಂಕಿಪೊಟ್ಟಣ ತೆರೆದಿದ್ದರು. "ಅರೆರೆ! ಪೊರೆ! ಹಾವಿನ ಥರ ಇವೂ ಪೊರೆ ಕಳಚುತ್ವೆ, ನೀರು ಬದಲಾದ್ರೆ ಎಲ್ಲ ಒಟ್ಟಿಗೆ. ಹೊಸ ಮೈ ಗಟ್ಟಿಯಾಗೋವರೆಗೂ ಅಡಗಿ ಕೂತ್ಕೊಳ್ಳುತ್ವೆ. ಅದನ್ನೂ ಜೋಪಾನವಾಗಿ ಎತ್ತಿಟ್ಟಿದ್ದೀರಲ್ಲ, ಏನ್ರೀ ನೀವು!" ಅವರು ಮತ್ತೆ ತೊಟ್ಟಿಗೆ ಬಗ್ಗಿದರು. "ಮರಿ ಬೇರೆ ಹಾಕಿಸಿದ್ದೀರಿ! ನನ್ನ ಎ.ಸಿ. ಕೋಣೇಲಿ ವರ್ಷವಾದ್ರೂ ಒಂದು ಮರಿ ಇಲ್ಲ."

ಫೈಲಪ್ಪನ ಮುಖದಲ್ಲಿ ಎರಡು ತಿಂಗಳ ನಂತರ ನಗು ಕಂಡಿತು. ಕಾಗದಕ್ಕೆ ಕೈ ಚಾಚಿದ.

ಸಾಹೇಬರು ಕಾಗದವನ್ನು ಎರಡು ಹೋಳು ಮಾಡಿ ಹರಿದರು.

"ಸರ್!"

"ಆ ದೂರದ ಶಾಖೆಗೆ ನನಗೂ ವರ್ಗ ಆಯ್ತು ಕಣ್ರೀ. ಬಂಗಲೆ ಅಂಗಳದಲ್ಲಿ ದೊಡ್ಡ ತೊಟ್ಟಿ ಇದೆ, ಆದ್ರೆ ಆ ಬಿಸಿಲಿಗೆ ಇವು ಉಳಿಯಲ್ಲ ಅಂತ ಎದೆ ಒಡೆದುಹೋಗಿತ್ತು. ನಿಮ್ಮಂಥೋರು ಜೊತೆಗಿದ್ರೆ ನನಗೇನು ಚಿಂತೆ?"

"ಸರ್, ಮರಿಗಳು ನಾನು ಅಂಗಡಿಯಿಂದ ತಂದದ್ದು! ನನಗೆ ಸಿಗಡಿ ಸಾಕೋದು ಗೊತ್ತೇ ಇಲ್ಲ!"

"ಆಹಾ, ಏನ್ ವಿನಯ!" ಎಂದು ಸಾಹೇಬರು ಅವನ ಬೆನ್ನು ತಟ್ಟಿದರು.

"ಮಾಸ್ತರೇ, ನೀವಾದ್ರೂ ಹೇಳಿ, ನಿಜ ಹೇಳಿ!" ಎಂದು ಫೈಲಪ್ಪ ಅಲ್ಲೇ ಮೂಲೆಯಲ್ಲಿ ನಿಂತಿದ್ದವರತ್ತ ತಿರುಗಿ ಕೈಮುಗಿದ.

ಹೆಡ್‌ಮಾಸ್ತರು ಆಕಾಶ ನೋಡಿದರು, ತೊಟ್ಟಿ ನೋಡಿದರು. ಹುಟ್ಟಿದಾಗಿನಿಂದ ಮುಚ್ಚದ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಕೊಟ್ಟ ಮಾತು ಉಳಿಸಿಕೊಂಡ ತೃಪ್ತಿಯಲ್ಲಿ ಮೆಟ್ಟಿಲಿಳಿದು ಹೋದರು.

ಸಾಹೇಬರೂ ಹೋದ ಮೇಲೆ ಹೆಂಡತಿ ಹರಿದ ಕಾಗದದ ಚೂರುಗಳನ್ನು ಆಯ್ದು ಬೆಂಕಿಪೊಟ್ಟಣದಲ್ಲಿ ಪೊರೆಗಳ ಜೊತೆಗೇ ಇಟ್ಟಳು. ಅವಳ ಕಣ್ಣು ತುಂಬಿತ್ತು. "ಒಳಗೆ ಬನ್ನಿ," ಎಂದಳು. "ನೀರು ಕಾಯಿಸೋದು ಹೇಗೆ ಅಂತ ಹೇಳಿಕೊಡ್ತೀನಿ."